ಐಸ್ ಒಂದು ಬಿಟ್ಟು

ಸುಲಭ ಅಂತಾರೆ ಎಲ್ಲರೂ. ಸುಲಭವೇ.
ಚಾಕು, ಹಲಗೆ, ಜಾಡಿ, ಹಣ್ಣು.
ಚಾಕು ಮಾತ್ರ ಹರಿತ ಇರಲಿ, ಬ್ಲಾಯ್,
ಮೊಂಡಾದರೆ ಹಣ್ಣನ್ನು ಕೊಯ್ಯಲ್ಲ, ಅಳಿಸುತ್ತೆ.

ಕಿತ್ತಳೆ ಮೂರು. ಆಗಸ್ಟಿನಲ್ಲಿ
ಅಲ್ಸಿರಾದ ಗಿಡಗಳಲ್ಲಿ ಇನ್ನೂ ಹಸಿರು ಗೋಲಿ;
ಇವು ಯಾವುದೋ ಶೈತ್ಯಾಗಾರದಲ್ಲಿ ಮಲಗೆದ್ದವು.
ಮೇಣ ಹಚ್ಚಿರ್ತಾರೆ, ಬಿಸಿನೀರಲ್ಲಿ ಉಜ್ಜು,
ಉಗುರಿಗೆ ಹತ್ತೋ ತನಕ ಉಜ್ಜು.
ಹಚ್ಚಿದವಳೇ ಹೇಳ್ತಿದೀನಿ, ಕೇಳು.

ಸಿಪ್ಪೆ ತೆಳ್ಳಗೆ ಎತ್ತು. ಬಿಳಿ ಬೇಡ.
ಕಹಿ ಇರೋದು ಸಿಪ್ಪೆಯಲ್ಲಲ್ಲ, ತೊಳೆಯಲ್ಲೂ ಅಲ್ಲ,
ಎರಡರ ನಡುವೆ
ಹತ್ತಿಯ ಹಾಗೆ ಮೆತ್ತಗೆ ಕೂತಿದೆಯಲ್ಲ,
ಅದರಲ್ಲಿ.

ಗಾಲಿ ಗಾಲಿಯಾಗಿ ಕೊಯ್ಯಿ. ನಿಂಬೆ ಎರಡು ಸಾಕು.
ಬೀಜ ತೆಗಿ. ಬೀಜ ಸಿಕ್ಕಿದರೆ ನಿನ್ನ ತಾತ ಗಾಸ್ಪರ್
ಲೋಟದ ತಳದಿಂದ ಹೆಕ್ಕಿ ಮೇಜಿನ ಮೇಲೆ ಸಾಲಾಗಿ ಇಡ್ತಿದ್ದ,
ಬಾಯಿಂದ ಒಂದು ಮಾತಿಲ್ಲ.
ನಾನು ಸಾಲು ಓದಿಕೊಳ್ತಿದ್ದೆ.

ಸಕ್ಕರೆ ಮೂರು ಚಮಚ, ಹಣ್ಣಿನ ಮೇಲೇ.
ಮರದ ಸೌಟಿನ ಬೆನ್ನಿಂದ ಒತ್ತು, ಜಜ್ಜಬೇಡ;
ಮಗುವಿನ ಹೊಟ್ಟೆ ಅಮುಕಿ ನೋಡ್ತಾರಲ್ಲ ಡಾಕ್ಟರು, ಹಾಗೆ.

ದುಬಾರಿ ವೈನು ಬೇಡವೇ ಬೇಡ.
ಒಳ್ಳೇದನ್ನು ತಂದು ಹಣ್ಣಿನ ಜೊತೆ ಮುಳುಗಿಸೋದು
ಪಾದ್ರಿಯನ್ನು ಮದುವೆಯಲ್ಲಿ ಕುಣಿಸಿದ ಹಾಗೆ,
ಅವರಿಗೂ ಮುಜುಗರ, ನಮಗೂ.
ಮೂಲೆ ಅಂಗಡಿಯ ಎರಡು ಯೂರೋ ಬಾಟಲಿ, ಪೂರ್ತಿ ಸುರಿ.
ಬ್ರಾಂದಿ ಒಂದು ಗುಟುಕು ಜಾಡಿಗೆ,
ಒಂದು (ಅತ್ತ ತಿರುಗು) ನನಗೆ.
ಚಕ್ಕೆ ಒಂದು ಕಡ್ಡಿ. ಆಯ್ತು.

ಇನ್ನು ಕಾಯೋದು.
ಎರಡು ತಾಸು, ಮುಟ್ಟೋ ಹಾಗಿಲ್ಲ.
ಸುಲಭ ಅಂದವರು ಇದನ್ನು ಹೇಳಲ್ಲ.

ಬಾ, ಕೈ ನೋಡು. ಇಪ್ಪತ್ತಾರು ವರ್ಷ
ಈ ಬೆರಳು ಹಣ್ಣಿಗೆ ಕಾಗದ ಉಡಿಸಿದ್ವು,
ಈರುಳ್ಳಿ ಪೊರೆಯಂಥ ಕಾಗದ, ಮೇಲೊಂದು ನೀಲಿ ನವಿಲು.
ನಿಮಿಷಕ್ಕೆ ನಲವತ್ತು.
ಎದುರು ಬೆಂಚಿನಲ್ಲಿ ಕಸೀಲ್ದಾ; ಅವಳದು ನಲವತ್ತೆರಡು.
ಊಟದ ಡಬ್ಬಿ ಒಂದೇ, ಬೈಗುಳವೂ ಒಂದೇ.
ಮುಷ್ಕರದ ಹನ್ನೊಂದನೇ ದಿನ
ಅವಳು ಹಿಂಬಾಗಿಲಿಂದ ಒಳಗೆ ಹೋದಳು.
ನಾವು ಗೇಟಿನಲ್ಲಿ, ಕೂಗೋದು ನಿಲ್ಲಿಸಿ ನಿಂತ್ವಿ.
ಒಳಗಿಂದ ಕಾಗದದ ಸರಸರ ಕೇಳಿಸ್ತಿತ್ತು.
ಒಬ್ಬಳದೇ.
ನಿಮಿಷಕ್ಕೆ ನಲವತ್ತೆರಡು.

ಆಮೇಲೆ? ಆಮೇಲೇನು. ಎದುರು ಮನೆ.
ಬೇಸಿಗೆ ಸಂಜೆ ಬೀದಿಯೆಲ್ಲ ಕುರ್ಚಿ ಹೊರಗೆ ಹಾಕಿ
ತಂಪಿಗೆ ಕೂರುತ್ತೆ, ನಾವಿಬ್ಬರೂ ಕೂರ್ತೀವಿ.
ಮೂವತ್ತನಾಲ್ಕು ಬೇಸಿಗೆ. ಅವಳ ಬೆನ್ನು ಎಷ್ಟು ಬಾಗಿದೆ ಅನ್ನೋದು
ಅವಳಿಗಿಂತ ನನಗೆ ಚೆನ್ನಾಗಿ ಗೊತ್ತು.

ಎದ್ದೇಳು, ಐಸ್ ತಾ.
ಏನು, ನೀರಾಗಿದೆಯಾ?
ಫ್ರಿಜ್ಜಿನ ಬಾಗಿಲು ತೆರೆದಿಟ್ಟವರು ಯಾರು... ಹೋಗಲಿ, ನಾನೇ ಇರಬೇಕು.
ಐಸಿಲ್ಲದ ಸಾಂಗ್ರಿಯಾ ಜ್ವರ ಬಂದವರ ಕಷಾಯ.
ಇವತ್ತು ಹದಿನೈದು, ಹಬ್ಬ, ಅಂಗಡಿಯೆಲ್ಲ ಮುಚ್ಚಿದೆ.
ಯಾರ ಹತ್ರ ಇದೆ ಅಂತ ಕೇಳಬೇಡ.
ದಿನಾ ಮಧ್ಯಾಹ್ನ ಆ ಕಿಟಕಿಯಿಂದ
ಅವಳು ಟ್ರೇ ಕುಟ್ಟೋ ಸದ್ದಿಗೇ ನಾನು ಏಳೋದು.

ಹೋಗು. ನನ್ನ ಹೆಸರು ಎತ್ತಬೇಡ.
ಐಸ್ ಬೇಕಂತೆ ಅನ್ನು.
ಯಾರಿಗೆ ಅಂದರೆ, ಜಾಡಿಗೆ ಅನ್ನು.


ಇಷ್ಟು ಹೊತ್ತಾ? ಬಟ್ಟಲೆಲ್ಲಿ? ನಿನ್ನ ಕೈ ಖಾಲಿ...

ಓ.

ಹೊಸ್ತಿಲಲ್ಲೇ ನಿಂತಿರ್ತೀಯೇನೇ? ಕರಗುತ್ತೆ.
ಕೂತ್ಕೊ. ಅದಲ್ಲ, ಅದರ ಕಾಲು ಮುರಿದಿದೆ. ಇದು.

ಜಾಡಿಯೊಳಗೆ ಇಣುಕಿದಳು ನೋಡು, ಇಣುಕದೆ ಇರ್ತಾಳಾ.
ಬಿಳಿ ಉಳಿಸಿದ್ದೀಯಲ್ಲೋ, ಅಂತಾಳೆ ನಿನಗೆ.
ನಿನಗಲ್ಲ ಅದು. ನೀನು ಲೋಟ ಹುಡುಕು, ಮೂರು.

ಸೋಡಾ ಕೊನೆಗೆ, ಬ್ಲಾಯ್, ಕೂತ ಮೇಲೆ.
ಮುಂಚೆಯೇ ಹಾಕಿಟ್ಟರೆ
ಸದ್ದೆಲ್ಲ ಹೊರಟುಹೋಗುತ್ತೆ.